ಇಂಜಿನ್ ನಿಂತಾಗ ಕೈ ಎಲ್ಲಿಗೆ ಹೋಯಿತು?

(ಮೈಸೂರಿನ ವಿಜ್ಞಾನಾಸಕ್ತ ಗೆಳೆಯರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದಲ್ಲಿ ನನಗೆ ನೆನಪಿದ್ದಷ್ಟನ್ನು ಸೇರಿಸಿದ್ದೇನೆ.)

ಅವತ್ತು ಎರಡು ವಸ್ತು ತೆಗೆದುಕೊಂಡು ಹೋಗಿದ್ದೆ. ಒಂದು ಗಾಳಿಪಟ, ಇನ್ನೊಂದು ಹಳೇ ಯೆಜ್ಡಿ ಬೈಕಿನ ಪಿಸ್ಟನ್. ವಿಮಾನ ಅಪಘಾತದ ಬಗ್ಗೆ ಮಾತು ಅಂತ ಹೇಳಿ ಇವನ್ನು ಮೇಜಿನ ಮೇಲಿಟ್ಟಾಗ ಮುಂದಿನ ಸಾಲಿನ ಹುಡುಗರು ಮುಸಿಮುಸಿ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಮಾತ್ರ ನಗಲಿಲ್ಲ. ಅವರ ಕಣ್ಣು ಪಿಸ್ಟನ್ ಮೇಲೇ ಇತ್ತು.

ಅಲ್ಟ್ರಾಲೈಟ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಕೊಳವೆ, ಮೇಲೆ ಬಟ್ಟೆ, ಬಿಗಿದು ಕಟ್ಟಿದ ತಂತಿ, ಒಂದು ಪುಟ್ಟ ಇಂಜಿನ್, ಇಷ್ಟೇ. ಅಮೆರಿಕದ 1982ರ ನಿಯಮದ ಪ್ರಕಾರ ಒಬ್ಬರೇ ಕೂರುವ ಅಲ್ಟ್ರಾಲೈಟಿನ ಖಾಲಿ ತೂಕ ಸುಮಾರು 115 ಕೆ.ಜಿ. ದಾಟಬಾರದು. ಒಂದು ಬುಲೆಟ್ ಗಾಡಿ ಇದಕ್ಕಿಂತ ಜಾಸ್ತಿ ತೂಗುತ್ತದೆ. ಪೆಟ್ರೋಲ್ 19 ಲೀಟರ್ ಮೀರುವಂತಿಲ್ಲ. ಇಷ್ಟರೊಳಗಿದ್ದರೆ ಅಲ್ಲಿ ಲೈಸೆನ್ಸೂ ಬೇಡ. ನಮ್ಮಲ್ಲಿ ಹಾಗಿಲ್ಲ. ನಾವು ಮೈಕ್ರೋಲೈಟ್ ಅಂತ ಕರೆಯುವ ಎರಡು ಸೀಟಿನ ಪುಟ್ಟ ವಿಮಾನಕ್ಕೂ ಡಿಜಿಸಿಎ, ಅಂದರೆ ಕೇಂದ್ರದ ವಿಮಾನಯಾನ ನಿರ್ದೇಶನಾಲಯದ ನೋಂದಣಿ ಬೇಕು, ಹಾರಿಸುವವರಿಗೆ ಪರವಾನಗಿ ಬೇಕು.

ಇದರ ಹುಟ್ಟೇ ಸ್ವಲ್ಪ ತಮಾಷೆ. ಗುಡ್ಡದಿಂದ ಓಡಿಬಂದು ಹಾರುವ ಹ್ಯಾಂಗ್ ಗ್ಲೈಡರಿಗೆ ಗುಡ್ಡವೇ ಇಲ್ಲದ ಊರಿನವರು ಏನು ಮಾಡಬೇಕು? ಜಾನ್ ಮೂಡಿ ಅನ್ನುವವನು ಅದಕ್ಕೆ ಗೋ ಕಾರ್ಟಿನ ಇಂಜಿನ್ ಕಟ್ಟಿದ. 1976ರಲ್ಲಿ ಅಮೆರಿಕದ ಆಷ್‌ಕಾಷ್ ವಿಮಾನ ಜಾತ್ರೆಯಲ್ಲಿ ಸಾವಿರಾರು ಜನರ ಎದುರು ತನ್ನ ಕಾಲಲ್ಲೇ ಓಡಿ ಹಾರಿಬಿಟ್ಟ. ಅಲ್ಲಿಂದ ಈ ಹುಚ್ಚು ಹಬ್ಬಿತು.

ಈಗ ಪಿಸ್ಟನ್ ವಿಷಯ. ಮೈಸೂರಿನವರಿಗೆ ಟೂ ಸ್ಟ್ರೋಕ್ ಇಂಜಿನ್ ಅಂದರೆ ಏನು ಅಂತ ಹೊರಗಿನವರು ಬಂದು ಹೇಳಬೇಕಿಲ್ಲ. 1961ರಿಂದ 1996ರವರೆಗೆ ಇಲ್ಲಿನ ಯಾದವಗಿರಿಯಲ್ಲಿ, ಯೆಜ್ಡಿ ಹುಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದನ್ನೇ ಮಾಡಿದ್ದು. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಇಂಜಿನ್. ಹಗುರ, ಅಗ್ಗ, ಗಾತ್ರಕ್ಕೆ ಮೀರಿದ ಶಕ್ತಿ. ಅಲ್ಟ್ರಾಲೈಟ್ ಮಾಡುವವರು ಇದಕ್ಕೆ ಮರುಳಾಗಿದ್ದೂ ಅದಕ್ಕೇ. ಆದರೆ ಟೂ ಸ್ಟ್ರೋಕಿಗೆ ಒಂದು ಚಟ ಇದೆ. ಹೇಳದೆ ಕೇಳದೆ ನಿಂತುಬಿಡುತ್ತದೆ.

ನನಗೂ ಆಗಿದೆ. 1984ರ ಡಿಸೆಂಬರ್, ಬೆಳಗಿನ ಜಾವ, ಕೊರೆಯುವ ಚಳಿ. ಮಂಡ್ಯದಲ್ಲಿ ಇಂಟರ್‌ವ್ಯೂ. ಸರಸ್ವತಿಪುರಂನ ಮನೆಯಿಂದ ಹೊರಟವನು ಎಲ್ಲೂ ಆಕ್ಸಿಲರೇಟರ್ ಬಿಡದೆ ಓಡಿಸಿದೆ. ಸಿದ್ದಲಿಂಗಪುರದ ಹತ್ತಿರ 'ಕ್ರೀಚ್' ಅಂತ ಒಂದೇ ಶಬ್ದ. ಹಿಂದಿನ ಚಕ್ರ ಕಚ್ಚಿಕೊಂಡಿತು, ಗಾಡಿ ಅಡ್ಡ ಎಳೆಯಿತು. ಪುಣ್ಯಕ್ಕೆ ಕ್ಲಚ್ ಹಿಡಿದೆ. ಹಿಂದಿನ ದಿನ ಪೆಟ್ರೋಲ್ ಹಾಕಿದ ಬಂಕಿನ ಹುಡುಗ ಆಯಿಲ್ ಕಡಿಮೆ ಹಾಕಿದ್ದ. ಇಷ್ಟು ವರ್ಷ ಅವನನ್ನು ಬೈಯುತ್ತಲೇ ಬಂದಿದ್ದೇನೆ. ಮೇಜಿನ ಮೇಲಿದ್ದದ್ದು ಅದೇ ಪಿಸ್ಟನ್. ಇಂಟರ್‌ವ್ಯೂ ಕೈತಪ್ಪಿತು, ಅದು ಬೇರೆ ಕಥೆ.

ರಸ್ತೆಯಲ್ಲಾದರೆ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಬಹುದು. ಮೇಲೆ ಏನು ಗತಿ? ಅಲ್ಟ್ರಾಲೈಟುಗಳಲ್ಲಿ ತುಂಬಾ ಬಳಕೆಯಾದ ರೋಟಾಕ್ಸ್ ಟೂ ಸ್ಟ್ರೋಕ್ ಇಂಜಿನ್ನಿನ ಕೈಪಿಡಿ ನೋಡಿ. ಈ ಇಂಜಿನ್ ತನ್ನ ರಚನೆಯಿಂದಲೇ ಇದ್ದಕ್ಕಿದ್ದಂತೆ ನಿಲ್ಲಬಹುದು, ನಿಂತರೆ ಕ್ಷೇಮವಾಗಿ ಇಳಿಯಲಾಗದ ಜಾಗದಲ್ಲಿ, ಎತ್ತರದಲ್ಲಿ, ವೇಗದಲ್ಲಿ ಇದನ್ನು ಹಾರಿಸಲೇಬೇಡಿ ಅಂತ ತಯಾರಕರೇ ಬರೆದಿದ್ದಾರೆ. ಮಿಕ್ಸಿ ಕೊಂಡಾಗ ಬರುವ ಎಚ್ಚರಿಕೆಯ ಹಾಳೆಯಂತೆ ಇದನ್ನೂ ಯಾರೂ ಓದುವುದಿಲ್ಲ. ಓದಬೇಕಿತ್ತು.

ಆದರೆ ನಾನು ಹೇಳಲು ಬಂದ ಮಾತು ಬೇರೆ. ಇಂಜಿನ್ ನಿಂತಿತು ಅನ್ನುವ ಒಂದೇ ಕಾರಣಕ್ಕೆ ವಿಮಾನ ಬೀಳುವುದಿಲ್ಲ. ನಿಂತ ಮೇಲೆ ಮೂರ್ನಾಲ್ಕು ಸೆಕೆಂಡಿನಲ್ಲಿ ಪೈಲಟ್ ಕೈ ಎಲ್ಲಿಗೆ ಹೋಯಿತು ಅನ್ನುವುದರ ಮೇಲೆ ಮುಂದಿನದೆಲ್ಲಾ.

ಇದಕ್ಕೆ ಗಾಳಿಪಟ ಬೇಕು. ಆಷಾಢದ ಗಾಳಿಯಲ್ಲಿ ಪಟ ಹಾರಿಸಿದವರಿಗೆ ಸೂತ್ರ ಕಟ್ಟುವುದು ಗೊತ್ತಿರುತ್ತದೆ. ಮೇಲಿನ ದಾರ ಚೂರು ಉದ್ದ ಬಿಟ್ಟರೆ ಏನಾಗುತ್ತೆ? ಪಟ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತದೆ. ದಾರ ಜೋರಾಗಿ ಎಳೆಯುತ್ತದೆ, ಆದರೆ ಪಟ ಮೇಲೇರುವುದಿಲ್ಲ. ಅಲ್ಲೇ ಗಿರಕಿ ಹೊಡೆದು ಮೂಗು ಮುಂದಾಗಿ ನೆಲಕ್ಕೆ. ವಿಮಾನದ ರೆಕ್ಕೆಯೂ ಹಾಗೇ. ಎದುರು ಗಾಳಿಗೆ ರೆಕ್ಕೆಯನ್ನು ಸ್ವಲ್ಪ ಓರೆ ಹಿಡಿದರೆ ಎತ್ತುತ್ತದೆ. ಇನ್ನೂ ಓರೆ ಮಾಡಿದರೆ ಇನ್ನೂ ಎತ್ತುತ್ತದೆ. ಸುಮಾರು 15–16 ಡಿಗ್ರಿ ದಾಟಿತೋ, ಮೇಲಿನ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವುದನ್ನು ಬಿಟ್ಟು ಚೆದುರುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದಕ್ಕೇ ಸ್ಟಾಲ್ ಅನ್ನುವುದು. ಗಾಡಿ ಆಫ್ ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಜಿನ್ ಗುಡುಗುತ್ತಿರುವಾಗಲೂ ರೆಕ್ಕೆ ಸ್ಟಾಲ್ ಆಗಬಹುದು. ನಂಬಿಕೆ ಬರದಿದ್ದರೆ ಕೊಕ್ಕರೆ ಬೆಳ್ಳೂರಿಗೆ ಹೋಗಿ ಹೆಜ್ಜಾರ್ಲೆ ಮರದ ಮೇಲೆ ಇಳಿಯುವುದನ್ನು ನೋಡಿ. ಕೊನೇ ಕ್ಷಣದಲ್ಲಿ ರೆಕ್ಕೆ ಪೂರ್ತಿ ಎತ್ತಿ ಗಾಳಿಯನ್ನು ತಡೆಯುತ್ತದೆ, ಅಷ್ಟು ದೊಡ್ಡ ಹಕ್ಕಿ ಕೊಂಬೆಯ ಮೇಲೆ ಧೊಪ್ಪನೆ ಕೂರುತ್ತದೆ. ಬೇಕಂತಲೇ ಮಾಡಿಕೊಂಡ ಸ್ಟಾಲ್ ಅದು, ಅದೂ ಕೊಂಬೆಯಿಂದ ಒಂದಡಿ ಮೇಲೆ. ನಾವು ಇನ್ನೂರಡಿ ಮೇಲೆ ಮಾಡಿಕೊಳ್ಳುತ್ತೇವೆ.

ಆಟೊ ಲಿಲಿಯೆಂತಾಲ್ ಸತ್ತದ್ದು ಹೀಗೆ. ಜರ್ಮನಿಯವನು, ಹಕ್ಕಿಗಳನ್ನು ನೋಡಿ ಗ್ಲೈಡರ್ ಕಟ್ಟಿದವನು, ಸುಮಾರು 2,000 ಸಲ ಹಾರಿದವನು. 1896ರ ಆಗಸ್ಟ್ 9ರಂದು ಅವನ ಗ್ಲೈಡರ್ ಸ್ಟಾಲ್ ಆಗಿ ಸುಮಾರು 15 ಮೀಟರ್ ಮೇಲಿಂದ ಬಿತ್ತು. ಮಾರನೇ ದಿನ ತೀರಿಕೊಂಡ. ಆ ಸುದ್ದಿ ಅಮೆರಿಕದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ರೈಟ್ ಸಹೋದರರ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವರ ವಿಮಾನದಲ್ಲಿ ಮೂಗು ಏರಿಸಿ ಇಳಿಸುವ ಪುಟ್ಟ ರೆಕ್ಕೆ ಬಾಲದಲ್ಲಿಲ್ಲ, ಮುಂದಿದೆ, ಗಮನಿಸಿದ್ದೀರಾ? ಲಿಲಿಯೆಂತಾಲನ ಹಾಗೆ ಮೂಗು ಕೆಳಗಾಗಿ ಬೀಳಬಾರದು ಅನ್ನುವ ಭಯವೂ ಅದಕ್ಕೊಂದು ಕಾರಣ. ಆ ಮುಂದಿನ ರೆಕ್ಕೆ ನೆನಪಿರಲಿ, ಮತ್ತೆ ಬರುತ್ತದೆ.

ದೊಡ್ಡ ವಿಮಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಏನು? ಲೋಡ್ ಲಾರಿಯನ್ನು ನ್ಯೂಟ್ರಲ್ ಮಾಡಿದರೆ ಎಷ್ಟೋ ದೂರ ಉರುಳುತ್ತದೆ. ಎದುರುಗಾಳಿಯಲ್ಲಿ ಸೈಕಲ್ ತುಳಿಯುವುದನ್ನು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅಲ್ಟ್ರಾಲೈಟ್ ಸೈಕಲ್ಲಿನ ಜಾತಿ. ತೂಕ ಇಲ್ಲ, ಮೈತುಂಬಾ ತಂತಿ, ಕೊಳವೆ, ಎಲ್ಲವೂ ಗಾಳಿಗೆ ಅಡ್ಡ. ಏರುತ್ತಿರುವಾಗ ಇಂಜಿನ್ ನಿಂತರೆ ಎರಡು ಮೂರು ಸೆಕೆಂಡಿನಲ್ಲಿ ವೇಗ ಸೋರಿಹೋಗುತ್ತದೆ. ಇಂಜಿನ್ ತಲೆಯ ಮೇಲೆ ಕೂತಿರುವ ಮಾದರಿಗಳಲ್ಲಿ ಇನ್ನೊಂದು ಪೀಕಲಾಟ ಇದೆ. ಮೇಲಿನ ಇಂಜಿನ್ ತಳ್ಳುವಾಗ ಮೂಗನ್ನು ಕೆಳಗೆ ಒತ್ತುತ್ತಾ ಇರುತ್ತದೆ. ಅದು ನಿಂತ ತಕ್ಷಣ ಆ ಒತ್ತಡ ಹೋಗಿ ಮೂಗು ತಾನಾಗಿ ಮೇಲೇಳುತ್ತದೆ. ವೇಗ ಉಳಿಸಿಕೊಳ್ಳಲು ಮೂಗು ತಗ್ಗಿಸಬೇಕಾದ ಹೊತ್ತಿಗೇ!

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನಲವತ್ತು ದಾಟಿದ ಮೇಲೆ ಮೈಕ್ರೋಲೈಟ್ ಕಲಿಯುವ ಹುಚ್ಚು ಹಿಡಿಯಿತು. ಬೆಂಗಳೂರಿನ ಕಡೆ ಒಂದು ಮೈದಾನ. ಪಕ್ಕದಲ್ಲಿ ಗುರುಗಳು, ವಾಯುಪಡೆಯಿಂದ ನಿವೃತ್ತರಾದವರು, ಮಿತಭಾಷಿ. ಟೇಕಾಫ್ ಆಗಿ ಇನ್ನೂರಡಿ ಏರಿರಬಹುದು. ಕಿವಿ ತುಂಬಿದ್ದ ಶಬ್ದ ಇದ್ದಕ್ಕಿದ್ದಂತೆ ಇಲ್ಲ. ಪ್ರೊಪೆಲ್ಲರಿನ ಎಲೆಗಳು ಕಣ್ಣಿಗೆ ಕಾಣತೊಡಗಿದವು. ತಂತಿಗಳಲ್ಲಿ ಗಾಳಿ 'ಸುಯ್' ಅನ್ನುತ್ತಿತ್ತು, ಆ ಸದ್ದೂ ಕ್ಷಣಕ್ಷಣಕ್ಕೆ ಸಣ್ಣದಾಗುತ್ತಿತ್ತು. ನೆಲ ಬೇಡ, ಆಕಾಶ ಬೇಕು ಅಂತ ಮೈ ಹೇಳುತ್ತದೆ ನೋಡಿ, ಹಾಗೆ ನನ್ನ ಕೈ ಸ್ಟಿಕ್ ಅನ್ನು (ಹಿಂದಕ್ಕೆ ಎಳೆದರೆ ಮೂಗು ಏರಿಸುವ, ಮುಂದಕ್ಕೆ ಒತ್ತಿದರೆ ಇಳಿಸುವ ಕೋಲು) ಹಿಂದಕ್ಕೆ ಎಳೆಯತೊಡಗಿತು. ಅಷ್ಟರಲ್ಲಿ ನನ್ನ ಕೈ ಮೇಲೆ ಇನ್ನೊಂದು ಕೈ ಬಿತ್ತು. ಗುರುಗಳು ಸ್ಟಿಕ್ ಅನ್ನು ಮುಂದಕ್ಕೆ ಒತ್ತಿಬಿಟ್ಟರು. ನೆಲ ಎದ್ದು ಮುಖಕ್ಕೇ ಬಂದಂತಾಯಿತು. ತಂತಿಯ ಸುಯ್ ಮತ್ತೆ ಜೋರಾಯಿತು. ಎದುರಿಗೆ ಉಳಿದಿದ್ದ ಮಣ್ಣಿನಲ್ಲೇ ಇಳಿಸಿ, ಹುಲ್ಲಿನವರೆಗೂ ಉರುಳಿಸಿ ನಿಲ್ಲಿಸಿದರು. ಕಾರ್ಬೊರೇಟರಿನ ಬಟ್ಟಲಿನಲ್ಲಿ ಎಳ್ಳುಕಾಳಿನಷ್ಟು ಕಸ ಸಿಕ್ಕಿತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಸ ಬಿಡಪ್ಪಾ. ನಿನ್ನ ಕೈ ಎಲ್ಲಿಗೆ ಹೋಗ್ತಿತ್ತು?"

ಕೈ ಹಿಂದಕ್ಕೆ ಹೋಗದಿದ್ದರೂ ಇನ್ನೊಂದು ಆಸೆ ಕಾಡುತ್ತದೆ. ಹಿಂದೆಯೇ ರನ್‌ವೇ ಇದೆಯಲ್ಲಾ, ತಿರುಗಿಸಿಬಿಡೋಣ ಅಂತ. ತಿರುಗಲು ವಿಮಾನ ವಾಲಬೇಕು. ವಾಲಿದಷ್ಟೂ ರೆಕ್ಕೆಗೆ ಭಾರ ಜಾಸ್ತಿ. ನೇರ ಹೋಗುವಾಗ ಗಂಟೆಗೆ 60 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನ 45 ಡಿಗ್ರಿ ವಾಲಿ ಎತ್ತರ ಕಾಯ್ದುಕೊಂಡು ತಿರುಗಲು ಹೋದರೆ ಸುಮಾರು 71ಕ್ಕೇ ಸ್ಟಾಲ್ ಆಗುತ್ತದೆ, 60 ಡಿಗ್ರಿ ವಾಲಿದರೆ 85ಕ್ಕೆ. ಗಾಳಿ ಬೆನ್ನಿಗೆ ಬಂದ ಮೇಲೆ ಕೆಳಗಿನ ಹೊಲ ಸರಸರ ಓಡುತ್ತದೆ. ವೇಗ ಬೇಕಾದಷ್ಟಿದೆ ಅಂತ ಕಣ್ಣು ಸುಳ್ಳು ಹೇಳುತ್ತದೆ. ರೆಕ್ಕೆಗೆ ಬೇಕಾದದ್ದು ಗಾಳಿಯ ವೇಗ, ಹೊಲದ್ದಲ್ಲ. ಒಂದು ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಬುಗುರಿಯಾಗುತ್ತದೆ. ಅದನ್ನು ಸರಿಮಾಡಲು ಬೇಕಾದ ಎತ್ತರ ಇರುವುದಿಲ್ಲ.

ನಮ್ಮೂರಿನ ಬಿಸಿಲನ್ನೂ ಒಂದು ಮಾತಿನಲ್ಲಿ ಸೇರಿಸುತ್ತೇನೆ. ಮೈಸೂರು ಇರುವುದು ಸುಮಾರು 2,400 ಅಡಿ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಸೆಕೆಯಲ್ಲಿ ಇಲ್ಲಿನ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ, ಇಂಜಿನ್ನಿಗೂ ರೆಕ್ಕೆಗೂ ಸುಮಾರು 5,400 ಅಡಿ ಮೇಲಿದ್ದಂತೆ. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನಿಂತೇ ಮಡಿಕೇರಿಗಿಂತ ಮೇಲೆ ಹೋದಂತಾಯಿತು.

ಈಗ ಒಂದು ದೊಡ್ಡ ಕೇಸ್. ಇದು ಅಲ್ಟ್ರಾಲೈಟ್ ಅಲ್ಲ, ಅದರ ದೊಡ್ಡಣ್ಣ ಅನ್ನಿ. ನಕ್ಷೆ ಕೊಂಡು ಮನೆಯ ಗ್ಯಾರೇಜಿನಲ್ಲಿ ಕಟ್ಟಿಕೊಳ್ಳುವ ವಿಮಾನ. ಆರಿಸಿಕೊಂಡದ್ದು ಏಕೆಂದರೆ, ಇದರ ತನಿಖೆಯಷ್ಟು ವಿವರ ಸಣ್ಣ ವಿಮಾನಗಳ ವಿಷಯದಲ್ಲಿ ಸಿಗುವುದು ಕಡಿಮೆ.

ಜಾನ್ ಡೆನ್ವರ್, ಅಮೆರಿಕದ ಹೆಸರಾಂತ ಹಾಡುಗಾರ. 2,700 ಗಂಟೆಗೂ ಹೆಚ್ಚು ಹಾರಾಟದ ಅನುಭವ ಇದ್ದವರು. 1997ರ ಅಕ್ಟೋಬರ್ 12ರ ಸಂಜೆ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಅವರ ಲಾಂಗ್ ಈಜಿ ವಿಮಾನ ಸಮುದ್ರಕ್ಕೆ ಬಿತ್ತು. ವಿಮಾನ ಅವರ ಕೈಗೆ ಬಂದು ಒಂದು ದಿನವಾಗಿತ್ತು ಅಷ್ಟೇ. ಅದನ್ನು ವಿನ್ಯಾಸ ಮಾಡಿದವರು ಬರ್ಟ್ ರುಟಾನ್, ಕಟ್ಟಿದವರು ಬೇರೆ. ಇದರಲ್ಲೂ ಪುಟ್ಟ ರೆಕ್ಕೆ ಮುಂದಿದೆ, ರೈಟ್ ಸಹೋದರರ ವಿಮಾನದ ಹಾಗೆ. ಮೂಗು ಜಾಸ್ತಿ ಎತ್ತಿದರೆ ಆ ಮುಂದಿನ ರೆಕ್ಕೆ ಮೊದಲು ಸೋತು ಮೂಗನ್ನು ತಾನೇ ಇಳಿಸುತ್ತದೆ, ದೊಡ್ಡ ರೆಕ್ಕೆ ಸ್ಟಾಲ್ ಆಗುವುದೇ ಕಷ್ಟ. ಅಂದರೆ ಇಷ್ಟು ಹೊತ್ತು ನಾನು ಹೆದರಿಸಿದ ರೋಗಕ್ಕೆ ಮದ್ದು ಹಾಕಿಕೊಂಡೇ ಹುಟ್ಟಿದ ವಿಮಾನ. ಆದರೂ ಬಿತ್ತು.

ಇದರಲ್ಲಿ ಎರಡು ಪೆಟ್ರೋಲ್ ಟ್ಯಾಂಕ್. ಒಂದು ಖಾಲಿಯಾದರೆ ಇನ್ನೊಂದಕ್ಕೆ ತಿರುಗಿಸಲು ಒಂದು ವಾಲ್ವ್. ನಮ್ಮ ಬೈಕಿನ ರಿಸರ್ವ್ ಇದ್ದ ಹಾಗೆ ಅಂದುಕೊಳ್ಳಿ. ರುಟಾನ್ ನಕ್ಷೆಯಲ್ಲಿ ಅದು ಪೈಲಟ್‌ನ ಕಾಲುಗಳ ಮಧ್ಯೆ, ಕಣ್ಣೆದುರು. ಕಟ್ಟಿದವರು ಪೆಟ್ರೋಲ್ ಪೈಪ್ ಕಾಕ್‌ಪಿಟ್ ಒಳಗೆ ಬೇಡ ಅಂತ ಅದನ್ನು ಹಿಂದಕ್ಕೆ ಸಾಗಿಸಿದ್ದರು. ಅವರ ಲೆಕ್ಕದಲ್ಲಿ ಅದು ಸುರಕ್ಷತೆಗೇ ಮಾಡಿದ ಕೆಲಸ. ಹಿಡಿ ಬಂದು ಕೂತದ್ದು ಪೈಲಟ್‌ನ ಎಡ ಭುಜದ ಹಿಂದೆ. ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಅನ್ನುವ ಗುರುತೂ ಇರಲಿಲ್ಲ. ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಗಾಜೂ ಹಿಂದೆಯೇ, ಅದಕ್ಕೂ ಗುರುತಿಲ್ಲ.

ಹಾರುವ ಮೊದಲು ಡೆನ್ವರ್ ಮತ್ತು ಒಬ್ಬ ಮೆಕ್ಯಾನಿಕ್ ಈ ಹಿಡಿಯ ಬಗ್ಗೆ ಮಾತಾಡಿದ್ದಾರೆ. ಕೈಗೆ ಎಟುಕಲಿ ಅಂತ ಅದಕ್ಕೆ ಪ್ಲೈಯರ್ ಕಚ್ಚಿಸಿ ನೋಡಿದ್ದಾರೆ, ಆಗಲಿಲ್ಲ. ಗಾಜು ನೋಡಲು ಮೆಕ್ಯಾನಿಕ್ ಒಂದು ಕನ್ನಡಿ ಕೊಟ್ಟ. ಪೆಟ್ರೋಲ್ ಹಾಕಿಸಲೇ ಅಂದದ್ದಕ್ಕೆ ಡೆನ್ವರ್ ಬೇಡ ಅಂದರು, ಸುಮಾರು ಒಂದು ಗಂಟೆ ಹಾರುತ್ತೇನೆ ಅಷ್ಟೇ ಅಂತ. ವಾಲ್ವ್ ತಿರುಗಿಸಬೇಕಾಗಿ ಬಂದರೆ ಆಟೊಪೈಲಟ್ ಹಾಕಿಕೊಳ್ಳುತ್ತೇನೆ ಅಂದಿದ್ದರು. ಈ ಭಾಗ ಓದುವಾಗ ನನಗೆ ಪ್ರತಿ ಸಲ ಕುರ್ಚಿಯಿಂದ ಏಳುವ ಹಾಗಾಗುತ್ತದೆ. ಇಬ್ಬರಿಗೂ ಎಲ್ಲಾ ಗೊತ್ತಿತ್ತು. ಪ್ಲೈಯರ್ ಕೈಯಲ್ಲಿ ಹಿಡಿದು ನಿಂತಿದ್ದರು!

ಮೂರು ಸಲ ರನ್‌ವೇ ಮುಟ್ಟಿ ಎದ್ದರು. ಆಮೇಲೆ ಕರಾವಳಿಯ ಕಡೆ ಹೊರಟರು. ವಿಮಾನ ಐನೂರಡಿಯೊಳಗೇ ಇತ್ತು ಅಂತ ನೋಡಿದವರು ಹೇಳಿದರು. ಇಂಜಿನ್ ಸದ್ದು ಕಡಿಮೆಯಾಗಿದ್ದು ಹಲವರಿಗೆ ಕೇಳಿಸಿತು. ಬಳಿಕ ಬಲಕ್ಕೆ ವಾಲಿ, ಮೂಗು ಕೆಳಗಾಗಿ ನೀರಿಗೆ. ತನಿಖೆಯವರು ಅಂಥದ್ದೇ ವಿಮಾನದಲ್ಲಿ ಕೂತು ನೋಡಿದರು. ಎಡ ಭುಜದ ಹಿಂದಿನ ಹಿಡಿಗೆ ಬಲಗೈ ಚಾಚಬೇಕಾದರೆ ಮೈಯನ್ನೇ ತಿರುಚಬೇಕು. ತಿರುಚಿದಾಗ ಬಲಗಾಲು ಆಸರೆಗೆ ತಾನಾಗಿ ಒತ್ತುತ್ತದೆ. ಆ ಕಾಲಿನ ಕೆಳಗೆ ಇದ್ದದ್ದು ಬಲ ರಡ್ಡರ್ ಪೆಡಲ್, ಒತ್ತಿದರೆ ಮೂಗನ್ನು ಬಲಕ್ಕೆ ತಿರುಗಿಸುವಂಥದ್ದು. ನೀವೂ ಕೂತಲ್ಲೇ ಮಾಡಿ ನೋಡಿ ಅಂತ ಸಭೆಯಲ್ಲಿ ಹೇಳಿದೆ. ಅರವತ್ತು ಜನ ಬಲಗೈಯನ್ನು ಎಡ ಭುಜದ ಹಿಂದಕ್ಕೆ ಚಾಚಿದರು. ಅರವತ್ತು ಬಲಗಾಲು ನೆಲ ಒತ್ತಿದ ಸದ್ದು ಕೇಳಿಸಿತು. ಯಾರೂ ನಗಲಿಲ್ಲ.

ಪೇಪರಿನವರು ಡೆನ್ವರ್ ಕುಡಿತದ ಬಗ್ಗೆ ಬರೆದರು. ಅವರ ವೈದ್ಯಕೀಯ ಪ್ರಮಾಣಪತ್ರ ರದ್ದಾಗಿದ್ದದ್ದು ನಿಜ. ಆದರೆ ಅವತ್ತು ದೇಹದಲ್ಲಿ ಮದ್ಯದ ಸುಳಿವೇ ಇರಲಿಲ್ಲ. ತನಿಖಾ ಮಂಡಳಿ ಕಾರಣ ಅಂತ ಬರೆದದ್ದು ಗಮನ ಬೇರೆಡೆ ಹೋಗಿ ತಿಳಿಯದೆ ರಡ್ಡರ್ ಒತ್ತಿದ್ದನ್ನು, ಪೆಟ್ರೋಲ್ ಹಾಕಿಸದೆ ಹೊರಟದ್ದನ್ನು. ಜೊತೆಗೆ ಹಿಡಿಯ ಜಾಗ, ಗುರುತಿಲ್ಲದ ಗಾಜು, ಈ ವಿಮಾನದಲ್ಲಿ ಸಾಲದ ತರಬೇತಿ.

ಎಲ್ಲಾ ಸಾವೂ ಕೈಯದ್ದೇ ಅಂದರೆ ಅನ್ಯಾಯವಾಗುತ್ತದೆ. ಸ್ಟೀವ್ ವಿಟ್‌ಮನ್ ಅಮೆರಿಕದ ಮನೆಗಟ್ಟು ವಿಮಾನಗಳ ಭೀಷ್ಮ. ನಾನು ಹೇಳಿದ ಆಷ್‌ಕಾಷ್ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು. 1995ರ ಏಪ್ರಿಲ್ 27ರಂದು, 91ನೇ ವಯಸ್ಸಿನಲ್ಲಿ, ಹೆಂಡತಿಯೊಂದಿಗೆ ತಾವೇ ಕಟ್ಟಿದ ವಿಮಾನದಲ್ಲಿ ಹೋಗುತ್ತಿದ್ದರು. ರೆಕ್ಕೆಯ ಮರಕ್ಕೆ ಅಂಟಿಸಿದ ಬಟ್ಟೆ ಎದ್ದಿತು. ಆ ಬಟ್ಟೆಗೆ ಹೇಳಿದ್ದ ಕ್ರಮದಲ್ಲಿ ಅಂಟಿಸಿರಲಿಲ್ಲ. ಹೆದ್ದಾರಿಯಲ್ಲಿ ಲಾರಿಯ ಟಾರ್ಪಾಲಿನ ಒಂದು ಹಗ್ಗ ಬಿಚ್ಚಿಕೊಂಡರೆ ಪಟಪಟ ಬಡಿದು ಎಲ್ಲವನ್ನೂ ಕಿತ್ತುಹಾಕುತ್ತದಲ್ಲಾ, ರೆಕ್ಕೆಗೂ ಅಂಥದ್ದೇ ನಡುಕ ಹುಟ್ಟಿತು. ವಿಮಾನ ಗಾಳಿಯಲ್ಲೇ ಚೂರಾಯಿತು. ಇಬ್ಬರೂ ಉಳಿಯಲಿಲ್ಲ. ಅಲ್ಲಿ ಸ್ಟಿಕ್ ಹಿಂದೆ ಎಳೆದರೂ ಅಷ್ಟೇ, ಮುಂದೆ ಒತ್ತಿದರೂ ಅಷ್ಟೇ.

ಪ್ರಶ್ನೆಗಳಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಪ್ಯಾರಾಶೂಟ್ ಬಗ್ಗೆ ಕೇಳಿದಳು. ಇದೆ. ಇಡೀ ವಿಮಾನವನ್ನೇ ಇಳಿಸುವ, ರಾಕೆಟ್ಟಿನಿಂದ ಹಾರಿಬರುವ ಪ್ಯಾರಾಶೂಟ್. ಹ್ಯಾಂಗ್ ಗ್ಲೈಡರಿನಿಂದ ಬಿದ್ದು ಬದುಕಿದ ಬೋರಿಸ್ ಪೊಪೊವ್ ಶುರುಮಾಡಿದ್ದು. 1983ರಲ್ಲಿ ಮೊದಲ ಜೀವ ಉಳಿಸಿತು, ಈಗ ಆ ಲೆಕ್ಕ ನಾನೂರು ದಾಟಿದೆ. ಆದರೆ ಬಿಚ್ಚಿಕೊಳ್ಳಲು ಎತ್ತರ ಬೇಕು, ಎಳೆಯಲು ಕೈ ಬೇಕು. "ಮತ್ತೆ ಕೈಗೇ ಬಂತಲ್ಲಾ ಸರ್," ಅಂದಳು.

ಮಂಡ್ಯದಿಂದ ಬಂದಿದ್ದ ರೈತರೊಬ್ಬರು ಎದ್ದುನಿಂತು, "ಸ್ವಾಮಿ, ಮೇಲೆ ನಿಂತೋಯ್ತು ಅಂತಿಟ್ಕೊಳ್ಳಿ. ನಮ್ ಗದ್ದೇಲಿ ಇಳಿಸ್ಬೋದಾ?" ಅಂದರು. ಇಡೀ ಸಂಜೆಯ ಒಳ್ಳೇ ಪ್ರಶ್ನೆ. ಸಾವಿರ ಅಡಿ ಮೇಲಿದ್ದರೆ ಇಂಥ ವಿಮಾನ ಒಂದೂವರೆ ಎರಡು ಕಿ.ಮೀ. ಜಾರಿಕೊಂಡು ಬರಬಹುದು, ಅಷ್ಟರೊಳಗೆ ಜಾಗ ಹುಡುಕಬೇಕು. ನೀರು ನಿಂತ ಭತ್ತದ ಗದ್ದೆಯಲ್ಲಿ ಚಕ್ರ ಹೂತು ಮಗುಚುತ್ತದೆ. ಬೆಳೆದ ಕಬ್ಬಾದರೆ ಸುಳಿಯ ತುದಿಯನ್ನೇ ನೆಲ ಅಂದುಕೊಂಡು ಆದಷ್ಟು ನಿಧಾನವಾಗಿ ಇಳಿಸಬೇಕು. ಕೊಯ್ದ ರಾಗಿ ಹೊಲ ಸಿಕ್ಕರೆ ದೇವರು. "ಹೊಲ ಸಿಗ್ತದೆ, ಪಂಪ್‌ಸೆಟ್ ಲೈನ್ ಏನ್ಮಾಡ್ತೀರಿ?" ಅಂತ ಅವರೇ ಮರುಪ್ರಶ್ನೆ ಹಾಕಿದರು. ನಿಜ. ಮೇಲಿಂದ ತಂತಿ ಕಾಣುವುದಿಲ್ಲ. ಕಂಬ ಹುಡುಕಬೇಕು, ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ತಿಳಿಯಬೇಕು. "ನಮ್ ಕಡೆ ಮರಕ್ಕೂ ಕಟ್ಟಿರ್ತಾರೆ," ಅಂದು ಕೂತರು.

ಎಲ್ಲಾ ಮುಗಿದು ಕಾಫಿ ಕುಡಿಯುವಾಗ ಹಿಂದಿನ ಸಾಲಿನ ಆ ಹಿರಿಯರು ಮೇಜಿನ ಹತ್ತಿರ ಬಂದರು. ಯಾದವಗಿರಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರಂತೆ. ಕೇಳದೆ ಪಿಸ್ಟನ್ ಎತ್ತಿಕೊಂಡರು. ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದು, ಹೆಬ್ಬೆರಳ ಉಗುರಿನಿಂದ ಗೀರುಗಳನ್ನು ಒಂದೊಂದಾಗಿ ಸವರಿದರು.

"ಇದು ಆಯಿಲ್ ಕಮ್ಮಿ ಆಗಿ ಹಿಡಿದಿದ್ದಲ್ಲ."

"ಮತ್ತೆ?"

"ಆಯಿಲ್ ಇಲ್ದಿದ್ರೆ ಸುತ್ತಲೂ ಉಜ್ಜಿರೋದು. ಇಲ್ಲಿ ನೋಡಿ, ಪಿನ್ನಿನ ಅಕ್ಕಪಕ್ಕ ನಾಲ್ಕು ಕಡೆ ಮಾತ್ರ ಗೀರಿದೆ. ಚಳೀಲಿ ಸ್ಟಾರ್ಟ್ ಮಾಡಿ, ಬಿಸಿ ಆಗೋಕೆ ಬಿಡದೆ ಎಳೆದಿದ್ದೀರಿ. ಪಿಸ್ಟನ್ ಬೇಗ ಊದ್ಕೊಳ್ತು, ಅದರ ಸುತ್ತ ಇರೋ ಬ್ಯಾರೆಲ್ ಇನ್ನೂ ತಣ್ಣಗಿತ್ತು. ಹಿಡ್ಕೊಳ್ತು." ಪಿಸ್ಟನ್ ಅನ್ನು ಮೇಜಿನ ಮೇಲೆ ಇಟ್ಟು, "ಅವತ್ತು ಏನಾದ್ರೂ ಅರ್ಜೆಂಟಿತ್ತಾ ಸಾರ್?" ಅಂತ ಕೇಳಿದರು.